ಸ್ನೇಹದ್ರವ್ಯವೂ ರಕ್ತಾರ್ಬುದವೂ

ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಪ್ರೀತಿಯೂ ಹೌದು, ಜಿಡ್ಡೂ ಹೌದು. ಜಿಡ್ಡಿನ ಜಾತಿಗೆ ಸೇರಿದ ಕೆಲವು ದ್ರವ್ಯಗಳು ಜೀವಕೋಶದ ಕೇಂದ್ರಕ್ಕೆ ಸಂದೇಶವನ್ನೊಯ್ಯುವ ದೂತರೂ ಆಗಿರುವುವು. ನುಗ್ಗೆಸೊಪ್ಪು, ಪರಂಗಿಹಣ್ಣುಗಳಿಂದ ನಮಗೊದಗುವ ‘ಎ’ ಜೀವಸತ್ತ್ವವು ಅಂಥದು. ಅದರಿಂದ ಶರೀರದಲ್ಲಿ ಹುಟ್ಟುವ ರೆಟಿನಾಯಿಕ್ ಆಮ್ಲವು ಕೋಶಕೇಂದ್ರವನ್ನು ಹೊಕ್ಕು, ಎಳೆಯ ರಕ್ತಕಣಗಳು ಬಲಿಯುವಂತೆ ಆಜ್ಞಾಪಿಸುತ್ತದೆ.

ಪ್ರೊಮೈಲೊಸೈಟಿಕ್ ಎಂಬ ರಕ್ತಾರ್ಬುದದಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಆ ಆಜ್ಞೆಯನ್ನು ಕೇಳಬೇಕಾದ ಕಿವಿಯೇ ಕೆಡುತ್ತದೆ. ಬಲಿಯದ ಕಣಗಳು ಮಜ್ಜೆಯನ್ನು ತುಂಬುವುವು. ರಕ್ತ ಹೆಪ್ಪುಗಟ್ಟುವ ಕ್ರಮವು ತಪ್ಪಿ, ರೋಗಿಯು ಕೆಲವೇ ದಿನಗಳಲ್ಲಿ ರಕ್ತಸ್ರಾವದಿಂದ ಮಡಿಯಲೂಬಹುದು. ಶಾಂಘಾಯಿಯ ವೈದ್ಯ ವಾಂಗ್ ಝೆನ್‌ಯಿ ಮತ್ತವರ ಸಂಗಡಿಗರು ಈ ಆಮ್ಲವನ್ನೇ ಔಷಧವಾಗಿ 24 ರೋಗಿಗಳಿಗೆ ಕೊಟ್ಟು, 1988ರಲ್ಲಿ ಫಲವನ್ನು ಪ್ರಕಟಿಸಿದರು. ಕೆಟ್ಟ ಕಣಗಳನ್ನು ಕೊಲ್ಲದೆ ಬಲಿಯಿಸಿ ಸರಿದಾರಿಗೆ ತಂದ ಈ ಉಪಾಯವನ್ನು, ಮಕ್ಕಳಿಗೆ ಪಾಠ ಹೇಳಿದ ನಾವು ಮೆಚ್ಚದಿರಲಾರೆವು. ಈಗ ಪಾಷಾಣದ ಔಷಧವನ್ನೂ ಇದರೊಡನೆ ಕೊಡುವರು. ಸಕಾಲದಲ್ಲಿ ಬಂದವರಲ್ಲಿ ಬಹುಮಂದಿ ಗುಣಹೊಂದುವರು.

ಹಾಗೆಂದು ಪರಂಗಿಹಣ್ಣಿನಿಂದ ಈ ರೋಗವು ವಾಸಿಯಾಗದು. ‘ಎ’ ಜೀವಸತ್ತ್ವದ ಗುಳಿಗೆಗಳನ್ನು ತಾವಾಗಿಯೇ ಮಿತಿಮೀರಿ ನುಂಗಿದರೆ ಯಕೃತ್ತಿಗೆ ಕೇಡು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನಮ್ಮ ಗೃಹಿಣಿಯರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಒಸಡಿನಿಂದ ರಕ್ತ ಒಸರಿದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆಗಳೆದ್ದರೆ, ಸುಗ್ಗಿ ಮುಗಿಯಲೆಂದು ಕಾಯದೆ ಅಂದೇ ರಕ್ತಪರೀಕ್ಷೆ ಮಾಡಿಸಿರಿ. ವೈದ್ಯರು ಸೂಚಿಸಿದರೆ ಮೈಸೂರಿಗಾಗಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಒಡನೆಯೇ ಕರೆದೊಯ್ಯಿರಿ.