ಕಂದು ಹಿಂಡಿನಲ್ಲೊಂದು ಬೂದು ಹಕ್ಕಿ

ಕಾಲೇಜಿನ ಗ್ರಂಥಾಲಯದಲ್ಲಿ ಪಕ್ಷಿಗಳ ಕುರಿತ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದೆ. ಅದರಲ್ಲೊಂದು ಚಿತ್ರ. ಅಮೆರಿಕದ ಕಾಡಂಚಿನಲ್ಲಿ ಕಾಡು ಟರ್ಕಿ ಕೋಳಿಗಳ ಹಿಂಡು ಮೇಯುತ್ತಿದೆ. ಎಲ್ಲವೂ ಕಡು ಕಂದು. ನಡುವೆ ಒಂದು ಮಾತ್ರ ಬೂದಿಯಲ್ಲಿ ಹೊರಳಿ ಎದ್ದು ಬಂದಂತೆ ಬಿಳಿ-ಬೂದು ಬಣ್ಣದ್ದು. "ಯಾರೋ ಸಾಕಿದ ಕೋಳಿ ತಪ್ಪಿಸಿಕೊಂಡು ಬಂದು ಸೇರಿರಬೇಕು" ಎಂದಳು ಪಕ್ಕದಲ್ಲಿದ್ದ ಗೆಳತಿ. ನನಗೂ ಹಾಗೆಯೇ ಅನ್ನಿಸಿತು. ಓದಿ ನೋಡಿದರೆ, ಅದು ಕಾಡಿನದೇ ಹಕ್ಕಿ. ಕಂದು ತಾಯಿಗೂ ಕಂದು ತಂದೆಗೂ ಇಂಥ ಮರಿ ಹುಟ್ಟಬಹುದಂತೆ.

ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲೇಬೇಕು ಅನ್ನಿಸಲು ನನಗೊಂದು ಕಾರಣವಿತ್ತು. ನನ್ನ ಖಾಲಾ ಅವರ ಮಗನಿಗೆ ಆಲ್ಬಿನಿಸಂ ಇದೆ. ಅವನ ಕೂದಲು, ಚರ್ಮ ಎಲ್ಲವೂ ಬಿಳಿ. ಅವನು ಹುಟ್ಟಿದಾಗಿನಿಂದ ಖಾಲಾ ಕೇಳಿಸಿಕೊಂಡು ಬಂದಿರುವ ಪ್ರಶ್ನೆಯೂ ಇದೇ: "ನಿಮ್ಮಿಬ್ಬರಲ್ಲಿ ಇಲ್ಲದ ಬಣ್ಣ ಇವನಿಗೆ ಎಲ್ಲಿಂದ ಬಂತು?"

ಮೊದಲು ಈ ಹಕ್ಕಿಯ ಪರಿಚಯ. ಕಾಡು ಟರ್ಕಿ ಉತ್ತರ ಅಮೆರಿಕ ಖಂಡದ್ದು. ಹೆಸರು ಟರ್ಕಿ ಎಂದಿದ್ದರೂ ಆ ದೇಶಕ್ಕೂ ಇದರ ಮೂಲಕ್ಕೂ ಸಂಬಂಧವಿಲ್ಲ. ಮೆಕ್ಸಿಕೋದ ಜನ ಇದನ್ನು ಬಹು ಹಿಂದೆಯೇ ಪಳಗಿಸಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. 1612ರಲ್ಲಿ ಗೋವೆಯಿಂದ ಒಂದು ಟರ್ಕಿ ಮೊಘಲ್ ದರ್ಬಾರಿಗೂ ಬಂತು. ಜಹಾಂಗೀರ್ ಬಾದಶಹ ಅದನ್ನು ಕಂಡು ಬೆರಗಾಗಿ ಚಿತ್ರ ಬರೆಸಿದ. ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಟರ್ಕಿಯ ಚಿತ್ರ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಈ ಹಕ್ಕಿಯ ತಲೆ, ಕತ್ತು ಒಮ್ಮೆ ಕೆಂಪಾಗಿ, ಒಮ್ಮೆ ಬಿಳಿಯಾಗಿ, ಒಮ್ಮೆ ನೀಲಿಯಾಗಿ ಬದಲಾಗುವುದನ್ನು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಆದರೆ ಅದು ಗರಿಯಿಲ್ಲದ ಚರ್ಮದ ಬಣ್ಣ. ರಕ್ತದ ಹರಿವು ಹೆಚ್ಚು ಕಡಿಮೆಯಾದಂತೆ ಅದು ಬದಲಾಗುತ್ತದೆ. ಗರಿಯ ಬಣ್ಣದ ಮಾತು ಬೇರೆ. ಅದಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದರಲ್ಲಿ ಎರಡು ಬಗೆ. ಯೂಮೆಲನಿನ್ ಕಪ್ಪು, ಕಡು ಕಂದು ಬಣ್ಣ ಕೊಡುತ್ತದೆ. ಫಿಯೋಮೆಲನಿನ್ ಕೆಂಪು, ಹಳದಿ ಮಿಶ್ರಿತ ಕಂದು ಕೊಡುತ್ತದೆ. ಬಿಸಿಲಿನಲ್ಲಿ ಟರ್ಕಿಯ ಮೈ ತಾಮ್ರದಂತೆ, ಹಸಿರಾಗಿ ಹೊಳೆಯುವುದು ಮಾತ್ರ ಬೇರೆ ಬಣ್ಣದಿಂದಲ್ಲ. ಗರಿಯೊಳಗೆ ಮೆಲನಿನ್ ಕಣಗಳು ಪದರ ಪದರವಾಗಿ ಜೋಡಣೆಗೊಂಡಿರುವುದರಿಂದ. ಸೋಪಿನ ಗುಳ್ಳೆ ಬಣ್ಣಬಣ್ಣವಾಗಿ ಕಾಣುವುದೂ ಬೆಳಕಿನ ಇಂಥದೇ ಆಟದಿಂದ.

ಈ ಮೆಲನಿನ್‌ನ ಲೆಕ್ಕ ತುಸು ಬದಲಾದರೆ ಹಕ್ಕಿಯ ರೂಪವೇ ಬದಲಾಗುತ್ತದೆ. ಕಾಡು ಟರ್ಕಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಅಪರೂಪದ ಬಣ್ಣಗಳನ್ನು ಗುರುತಿಸುತ್ತಾರೆ.

ಮೊದಲನೆಯದು ಹೊಗೆ ಬಣ್ಣ. ನಾನು ನೋಡಿದ ಚಿತ್ರದಲ್ಲಿದ್ದದ್ದು ಇದೇ. ಗರಿಗಳಲ್ಲಿ ಕಂದು ಇರುವುದಿಲ್ಲ. ಬಿಳಿ-ಬೂದು ಮೈಮೇಲೆ ಕಪ್ಪು ಅಂಚು, ಪಟ್ಟೆಗಳು ಉಳಿದಿರುತ್ತವೆ. ನಾಲ್ಕರಲ್ಲಿ ಹೆಚ್ಚು ಕಾಣಸಿಗುವುದು ಇದು. ಎರಡನೆಯದು ಮೆಲನಿನ್ ಅತಿಯಾಗಿ ಇದ್ದಲು ಕಪ್ಪಾದ ಹಕ್ಕಿ. ಮೂರನೆಯದು ಮೈಯೆಲ್ಲ ಕೆಂಗಂದು ಬಣ್ಣದ್ದು, ಬಹಳ ಅಪರೂಪ. ನಾಲ್ಕನೆಯದು ಆಲ್ಬಿನೋ. ಇದರಲ್ಲಿ ಮೆಲನಿನ್ ಇರುವುದೇ ಇಲ್ಲ. ಗರಿ ಪೂರ್ತಿ ಬಿಳಿ. ಕಣ್ಣಿನಲ್ಲೂ ಬಣ್ಣವಿಲ್ಲದ ಕಾರಣ ಒಳಗಿನ ರಕ್ತನಾಳಗಳಿಂದ ಅದು ಗುಲಾಬಿಯಾಗಿ ಕಾಣುತ್ತದೆ. ಗರಿ ಬಿಳಿಯಾಗಿದ್ದು ಕಣ್ಣು ಕಪ್ಪಾಗಿಯೇ ಇದ್ದರೆ ಅದು ಆಲ್ಬಿನೋ ಅಲ್ಲ.

ಇನ್ನು ತಂದೆ ತಾಯಿಯ ಪ್ರಶ್ನೆ. ದ್ವಿತೀಯ ಪಿಯುಸಿಯ ಮೆಂಡೆಲ್ ಪಾಠವನ್ನು ನೆನಪಿಸಿಕೊಳ್ಳಿ. ಪ್ರತಿ ಜೀವಿಗೂ ಒಂದು ಗುಣಕ್ಕೆ ಸಾಮಾನ್ಯವಾಗಿ ಎರಡು ಪ್ರತಿ ಜೀನ್ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಆಲ್ಬಿನಿಸಂನಂಥ ಗುಣದ ಜೀನ್ ದುರ್ಬಲ ಜೀನ್. ಒಂದೇ ಪ್ರತಿ ಇದ್ದರೆ ಅದು ಹೊರಗೆ ತೋರುವುದಿಲ್ಲ. ಹಕ್ಕಿ ಕಂದಾಗಿಯೇ ಇರುತ್ತದೆ, ಜೀನ್ ಮಾತ್ರ ಒಳಗೆ ಸಾಗುತ್ತಿರುತ್ತದೆ. ಅಂಥ ಎರಡು ಕಂದು ಹಕ್ಕಿಗಳು ಜೊತೆಯಾದರೆ ಪ್ರತಿ ಮರಿಗೂ ಎರಡೂ ಕಡೆಯಿಂದ ಅದೇ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಗೆ ಬಣ್ಣವೂ ದುರ್ಬಲ ಜೀನಿನಿಂದಲೇ ಬರುತ್ತದೆ ಎನ್ನುತ್ತಾರೆ. ಪಾಠದಲ್ಲಿ ನಾವು 'ದುರ್ಬಲ' ಎಂದು ಬಾಯಿಪಾಠ ಮಾಡುತ್ತೇವೆ. ನಿಜಕ್ಕೂ ಅದು ದುರ್ಬಲವೇನಲ್ಲ. ಎಷ್ಟೋ ತಲೆಮಾರು ಸುಮ್ಮನಿದ್ದು, ಜೊತೆ ಸಿಕ್ಕಿದ ದಿನ ಎದ್ದು ಬರುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಜೀನ್ ಇಬ್ಬರಿಗೂ ಇರುವ ಸಾಧ್ಯತೆ ಹೆಚ್ಚು. ಈ ಮಾತು ಹಕ್ಕಿಗಳಿಗೂ ನಮಗೂ ಒಂದೇ.

ಕಾಡಿನಲ್ಲಿ ಇಂಥ ಬಣ್ಣದ ಬದುಕು ಸುಲಭವಲ್ಲ. ಹೆಣ್ಣು ಟರ್ಕಿ ನೆಲದ ಮೇಲೆ ಗೂಡು ಮಾಡಿ ಸುಮಾರು 28 ದಿನ ಕಾವು ಕೂರುತ್ತದೆ. ಆಗ ಅದನ್ನು ಕಾಯುವುದು ಒಣಗಿದ ಎಲೆಗಳ ನಡುವೆ ಕರಗಿಹೋಗುವ ಕಂದು ಬಣ್ಣವೇ. ಬಿಳಿ ಹಕ್ಕಿ ನರಿಗೂ ಗೂಬೆಗೂ ದೂರದಿಂದಲೇ ಕಾಣುತ್ತದೆ. ಮೇಲಾಗಿ ಆಲ್ಬಿನೋ ಹಕ್ಕಿಗೆ ದೃಷ್ಟಿ ಮಂದ. ಅಷ್ಟಾದರೂ ಹೊಗೆ ಬಣ್ಣದ ಹಕ್ಕಿಗಳು ಬೆಳೆದು ದೊಡ್ಡವಾಗಿ ಹಿಂಡಿನ ಜೊತೆಯಲ್ಲೇ ಮೇಯುವುದನ್ನು ಜನ ಕಂಡಿದ್ದಾರೆ.

ಇಷ್ಟು ತಿಳಿದ ಮೇಲೆ ಒಂದು ಭಾನುವಾರ ಖಾಲಾ ಮನೆಗೆ ಹೋದೆ. ಅವರ ಅತ್ತೆಯನ್ನು ನಾವೆಲ್ಲ ದಾದಿ ಎಂದೇ ಕರೆಯುತ್ತೇವೆ. ಖಾಲಾ ಗರ್ಭಿಣಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದೇ ಇದಕ್ಕೆಲ್ಲ ಕಾರಣ ಎಂದು ದಾದಿ ಹದಿಮೂರು ವರ್ಷಗಳಿಂದ ನಂಬಿದ್ದರು. ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆಯ ಚೌಕ ಬರೆದೆ. ಕಂದು ಹುಂಜ, ಕಂದು ಹೇಂಟೆ, ಒಬ್ಬೊಬ್ಬರಿಂದ ಒಂದೊಂದು ಜೀನ್ ಎಂದು ಬೆರಳಿಟ್ಟು ತೋರಿಸಿದೆ. ಗ್ರಹಣಕ್ಕೆ ಈ ಚೌಕದಲ್ಲಿ ಎಲ್ಲೂ ಜಾಗವಿಲ್ಲ ಎಂದೂ ಹೇಳಿದೆ.

ದಾದಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಹಾಗಾದರೆ ಅರ್ಧ ನನ್ನ ಮಗನದೂ ಅನ್ನು" ಎಂದರು.

"ಹೌದು ದಾದಿ, ಇಬ್ಬರದೂ ಸಮಸಮ. ತಪ್ಪು ಮಾತ್ರ ಯಾರದೂ ಅಲ್ಲ."

ದಾದಿ ಮತ್ತೇನೂ ಹೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಖಾಲಾ ಒಳಗೆ ಹೋಗಿ ಚಹಾ ಇಟ್ಟರು. ಸ್ವಲ್ಪ ಹೊತ್ತಿಗೆ ಹುಡುಗ ಕ್ರಿಕೆಟ್ ಆಡಲು ಬ್ಯಾಟು ಹಿಡಿದು ಹೊರಟ. ದಾದಿ ಅವನನ್ನು ನಿಲ್ಲಿಸಿ, ಬಿಸಿಲಿಗೆ ಕಣ್ಣು ಕುಕ್ಕದಂತೆ ಟೋಪಿಯ ಅಂಚನ್ನು ತಾವೇ ಮುಂದಕ್ಕೆಳೆದು ಕಳಿಸಿದರು.