ಕೂದಲು ನೆಡಿಸಲು ಹೊರಟ ಮಗ

ನೆರೆಮನೆಯ ತಾಯಿಯೊಬ್ಬರು ಒಂದು ಸಂಜೆ ಬಣ್ಣದ ಕರಪತ್ರವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಟೀಚರ್, ಇದರಲ್ಲಿ ಯಾವುದು ಒಳ್ಳೆಯದು ಅಂತ ಓದಿ ಹೇಳಿ. ಮಗ ರಜೆಯಲ್ಲಿ ಬರುವಾಗ ಮಾಡಿಸ್ತಾನಂತೆ" ಎಂದರು. ನೋಡಿದರೆ ಕೂದಲು ಕಸಿಯ ಜಾಹೀರಾತು. ಎಫ್‌ಯುಟಿ, ಎಫ್‌ಯುಇ, ಡಿಎಚ್‌ಐ, ಸಫೈರ್ ಎಂದು ನಾಲ್ಕು ಹೆಸರುಗಳು, ನಾಲ್ಕು ಬೆಲೆಗಳು, ಒಬ್ಬನೇ ಯುವಕನ ಎರಡು ಭಾವಚಿತ್ರಗಳು. ಅವರ ಮಗ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ವಯಸ್ಸು ಇಪ್ಪತ್ತನಾಲ್ಕು. ಫೋಟೋ ನೋಡಿದ ಮೇಲೆ ಎರಡು ಸಂಬಂಧಗಳು ತಪ್ಪಿಹೋಗಿವೆ. ಶಸ್ತ್ರಚಿಕಿತ್ಸೆಗೆ ಅವನು ಸಾಲ ಮಾಡಲೂ ಸಿದ್ಧನಿದ್ದಾನೆ.

ಸಹೋದರಿಯರೇ, ಇದು ಆ ಒಂದು ಮನೆಯ ಕಥೆಯಲ್ಲ. ಹುಡುಗಿಯ ಬಣ್ಣ ನೋಡಿ ಮೂಗು ಮುರಿಯುತ್ತಿದ್ದ ಕಾಲದಲ್ಲಿ ನಾವು ಎಷ್ಟು ನೊಂದಿದ್ದೇವೆ? ಈಗ ಹುಡುಗನ ತಲೆ ನೋಡಿ ಮೂಗು ಮುರಿಯುವವರೂ ನಾವೇ ಆಗಿಬಿಟ್ಟಿದ್ದೇವೆ. ಆ ತಾಯಿಗೆ ನಾನು ಅಂದು ಉತ್ತರ ಕೊಡಲಿಲ್ಲ. ನನ್ನ ತಮ್ಮನ ತಲೆಯ ಕಥೆ ನೆನಪಾಯಿತು. ಮೊದಲು ಸ್ವಲ್ಪ ಓದಿ, ತಿಳಿದವರಲ್ಲಿ ಕೇಳಿ ಬರುತ್ತೇನೆ ಎಂದು ಅವರನ್ನು ಕಳುಹಿಸಿದೆ. ಹಾಗೆ ತಿಳಿದುಕೊಂಡದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಹಣೆಯಿಂದ ಹಿಂದಕ್ಕೆ ಸರಿಯುತ್ತಾ, ನೆತ್ತಿಯಲ್ಲಿ ವೃತ್ತವಾಗಿ ಬಯಲಾಗುವ ಬೋಳಿಗೆ ಕಾರಣ ಗಲ್ಫಿನ ಉಪ್ಪುನೀರೂ ಅಲ್ಲ, ಹೆಲ್ಮೆಟ್ಟೂ ಅಲ್ಲ. ಪುರುಷ ಹಾರ್ಮೋನಿನಿಂದ ದೇಹದಲ್ಲಿಯೇ ತಯಾರಾಗುವ ಡಿಎಚ್‌ಟಿ ಎಂಬ ರಾಸಾಯನಿಕವು ವಂಶವಾಹಿಯಲ್ಲಿ ಆ ಗುಣ ಇರುವವರ ಕೂದಲ ಬುಡವನ್ನು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡುತ್ತದೆ. ಈ ಗುಣ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂದು ಸೊಸೆಯನ್ನು ದೂರುವ ಅತ್ತೆಯಂದಿರಿದ್ದಾರೆ. ತಾಯಿಯ ಕಡೆಯ ಒಂದು ವಂಶವಾಹಿಗೆ ದೊಡ್ಡ ಪಾತ್ರ ಇರುವುದು ನಿಜ. ಆದರೆ ತಂದೆಯ ಕಡೆಯಿಂದಲೂ ಹಲವು ಬರುತ್ತವೆ.

ವಿಚಿತ್ರವೆಂದರೆ ತಲೆಯ ಹಿಂಭಾಗ ಮತ್ತು ಕಿವಿಗಳ ಮೇಲ್ಭಾಗದ ಕೂದಲಿಗೆ ಈ ಡಿಎಚ್‌ಟಿ ಅಷ್ಟಾಗಿ ತಟ್ಟುವುದಿಲ್ಲ. ಎಷ್ಟೇ ಬೋಳಾದವರಿಗೂ ಹಿಂದೆ ಕುದುರೆ ಲಾಳದ ಆಕಾರದಲ್ಲಿ ಕೂದಲು ಉಳಿಯುವುದನ್ನು ನೀವು ನೋಡಿರುತ್ತೀರಿ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಆ ಹಿಂದಿನ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಟ್ಟರು. ಜಾಗ ಬದಲಾದರೂ ಕೂದಲು ತನ್ನ ಹುಟ್ಟುಗುಣವನ್ನು ಬಿಡುವುದಿಲ್ಲ ಎಂಬುದನ್ನು 1959ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು 1939ರಲ್ಲಿ ಜಪಾನಿನ ವೈದ್ಯ ಶೋಜಿ ಒಕುಡಾ ಸುಟ್ಟ ಗಾಯಗಳಾದವರಿಗೆ ಇಂತಹುದೇ ಕಸಿ ಮಾಡಿದ್ದರು. ಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಅದು ತಿಳಿಯಲಿಲ್ಲ. ಓರೆಂಟ್ರೈಕ್‌ರ ಕಾಲದಲ್ಲಿ ನಾಲ್ಕು ಮಿಲಿಮೀಟರ್ ಅಗಲದ ತುಂಡುಗಳನ್ನೇ ನೆಡುತ್ತಿದ್ದರು. ಬೆಳೆದ ಕೂದಲು ಪ್ಲಾಸ್ಟಿಕ್ ಗೊಂಬೆಯ ತಲೆಯ ಹಾಗೆ ಗೊಂಚಲು ಗೊಂಚಲಾಗಿ ಕಾಣುತ್ತಿತ್ತು.

ನಮ್ಮ ಗದ್ದೆಯ ನೇಜಿ ನೆನಪಿಸಿಕೊಳ್ಳಿ. ಒಂದು ಕಡೆ ಬೆಳೆಸಿದ ನೇಜಿಯನ್ನು ಕಿತ್ತು ಇನ್ನೊಂದು ಕಡೆ ನೆಡುತ್ತೇವೆ. ಕೂದಲು ಕಸಿಯೂ ಹಾಗೆಯೇ. ಒಂದು ವ್ಯತ್ಯಾಸವಿದೆ. ನೇಜಿ ಸಾಲದಿದ್ದರೆ ಮತ್ತೆ ಬೀಜ ಬಿತ್ತಬಹುದು. ತಲೆಯ ಹಿಂಭಾಗದಿಂದ ಕಿತ್ತ ಬುಡದ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಅಂದರೆ ಯಾವ ಹೆಸರಿನ ಶಸ್ತ್ರಚಿಕಿತ್ಸೆಯೂ ಒಂದೇ ಒಂದು ಹೊಸ ಕೂದಲನ್ನು ಸೃಷ್ಟಿಸುವುದಿಲ್ಲ. ಇರುವುದನ್ನು ಅಲ್ಲಿಂದ ಇಲ್ಲಿಗೆ ಸಾಗಿಸುತ್ತದೆ, ಅಷ್ಟೆ. ಹಿಂಭಾಗದ ಆ ಬಂಡವಾಳಕ್ಕೆ ಮಿತಿಯಿದೆ. ಜೀವನಪೂರ್ತಿ ಅದರಲ್ಲಿಯೇ ಸಾಗಬೇಕು.

ಪಟ್ಟಿಯೋ, ಚುಕ್ಕೆಯೋ?

ಕರಪತ್ರದಲ್ಲಿ ನಾಲ್ಕು ಹೆಸರುಗಳಿದ್ದರೂ ಕೂದಲು ತೆಗೆಯುವ ವಿಧಾನಗಳು ಎರಡೇ.

ಎಫ್‌ಯುಟಿಯಲ್ಲಿ ತಲೆಯ ಹಿಂಭಾಗದಿಂದ ಒಂದು ಅಥವಾ ಒಂದೂವರೆ ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿಯನ್ನೇ ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯುತ್ತಾರೆ. ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಿಡಿಸುತ್ತಾರೆ. ನಮ್ಮ ತಲೆಗೂದಲು ಒಂದೊಂದಾಗಿ ಅಲ್ಲ, ಒಂದರಿಂದ ನಾಲ್ಕರ ಪುಟ್ಟ ಗುಂಪುಗಳಲ್ಲಿ ಹುಟ್ಟುತ್ತದೆ. ಆ ಗುಂಪನ್ನೇ ಗ್ರಾಫ್ಟ್ ಎನ್ನುವುದು. ಹೀಗೆ ಸೂಕ್ಷ್ಮದರ್ಶಕದಲ್ಲಿ ಬಿಡಿಸುವ ಕ್ರಮವನ್ನು ಟೆಕ್ಸಾಸ್‌ನ ವೈದ್ಯ ಬಾಬಿ ಲಿಮ್ಮರ್ 1980ರ ದಶಕದ ಕೊನೆಯಲ್ಲಿ ಆರಂಭಿಸಿದರು. ಗೊಂಬೆಗೂದಲಿನ ಕಾಲ ಮುಗಿದದ್ದು ಅಲ್ಲಿಗೆ. ಈ ವಿಧಾನದಲ್ಲಿ ಬುಡಗಳು ಕಣ್ಣೆದುರೇ ಇರುವುದರಿಂದ ತುಂಡಾಗಿ ಹಾಳಾಗುವುದು ಕಡಿಮೆ. ಒಂದೇ ಬಾರಿಗೆ ಹೆಚ್ಚು ಗ್ರಾಫ್ಟ್ ಸಿಗುತ್ತದೆ. ಇಡೀ ತಲೆ ಬೋಳಿಸಬೇಕಾಗಿಲ್ಲ. ಆದರೆ ಹೊಲಿಗೆ ಬಿಚ್ಚಲು ಹತ್ತು ಹದಿನಾಲ್ಕು ದಿನ ಬೇಕು. ಕೆಲವು ವಾರ ಹಿಂದೆ ಬಿಗಿದಂತಿರುತ್ತದೆ. ಉದ್ದನೆಯ ಒಂದು ಗೆರೆ ಶಾಶ್ವತವಾಗಿ ಉಳಿಯುತ್ತದೆ.

ಎಫ್‌ಯುಇಯಲ್ಲಿ ಪಟ್ಟಿಯೂ ಇಲ್ಲ, ಹೊಲಿಗೆಯೂ ಇಲ್ಲ. ಸುಮಾರು ಒಂದು ಮಿಲಿಮೀಟರ್ ಬಾಯಿಯ ಕೊಳವೆಯಂತಹ ಉಪಕರಣದಿಂದ ಒಂದೊಂದೇ ಗ್ರಾಫ್ಟನ್ನು ಹೊರತೆಗೆಯುತ್ತಾರೆ. ಅಮೆರಿಕದ ವೈದ್ಯರಾದ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ 2002ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲೆಡೆ ಹಬ್ಬಿತು. ನೋವು ಕಡಿಮೆ, ಕೆಲವೇ ದಿನಗಳಲ್ಲಿ ಕೆಲಸಕ್ಕೆ ಹೋಗಬಹುದು. ಹಿಂದೆ ಉಳಿಯುವುದು ಸಣ್ಣ ಬಿಳಿ ಚುಕ್ಕೆಗಳು. ಆದರೆ ಹಿಂಭಾಗವನ್ನು ಸಾಮಾನ್ಯವಾಗಿ ನುಣ್ಣಗೆ ಬೋಳಿಸಬೇಕು. ಚರ್ಮದೊಳಗೆ ಬುಡ ಯಾವ ಕೋನದಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯಬೇಕು. ಪಳಗದ ಕೈಯಾದರೆ ಬುಡಗಳು ತುಂಡಾಗುತ್ತವೆ. ದುರಾಸೆಯ ಕೈಯಾದರೆ ಮಿತಿ ಮೀರಿ ತೆಗೆದು, ಹಿಂಭಾಗವನ್ನು ನುಸಿ ತಿಂದ ಉಣ್ಣೆಬಟ್ಟೆಯಂತೆ ಮಾಡಿಬಿಡುತ್ತಾರೆ. ಎರಡು ಸಾವಿರ ಗ್ರಾಫ್ಟ್ ಎಂದರೆ ಹೆಚ್ಚು ಕಡಿಮೆ ಇಡೀ ದಿನದ ಕೆಲಸ.

ಹಾಗಾದರೆ ಡಿಎಚ್‌ಐ? ಅದು ಕೂದಲು ತೆಗೆಯುವ ವಿಧಾನವಲ್ಲ, ನೆಡುವ ವಿಧಾನ. ತೆಗೆಯುವುದು ಎಫ್‌ಯುಇಯ ಹಾಗೆಯೇ. ಪೆನ್ನಿನಂತಹ ಉಪಕರಣದಲ್ಲಿ ಗ್ರಾಫ್ಟ್ ಇಟ್ಟು ನೇರವಾಗಿ ಚುಚ್ಚಿ ನೆಡುತ್ತಾರೆ. ಆ ಪೆನ್ನು ಮೂಲತಃ ಕೊರಿಯಾದ ವೈದ್ಯರದ್ದು, 1992ರದ್ದು. ಸಫೈರ್ ಎಂದರೆ ನೆಡುವ ರಂಧ್ರ ಕೊರೆಯುವ ಅಲಗು ಉಕ್ಕಿನ ಬದಲು ನೀಲಮಣಿಯದ್ದು ಎಂದಷ್ಟೇ ಅರ್ಥ. ಹೆಸರು ಬದಲಾದಂತೆ ಬೆಲೆ ಏರುವುದು ಸೀರೆ ಅಂಗಡಿಯಲ್ಲಿಯೂ ಇದ್ದದ್ದೇ.

ಈಗ ನನ್ನ ತಮ್ಮನ ವಿಷಯ ಹೇಳುತ್ತೇನೆ. 2011ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಮದುವೆಗೆ ಮೊದಲು ಪಟ್ಟಿ ತೆಗೆಯುವ ವಿಧಾನದಲ್ಲಿ ಮಾಡಿಸಿಕೊಂಡ. ಒಂದು ವರ್ಷದಲ್ಲಿ ಹಣೆಯ ಮೇಲೆ ಚೆನ್ನಾಗಿಯೇ ಬಂತು, ಅಲ್ ಹಮ್ದುಲಿಲ್ಲಾಹ್. ನಾವೆಲ್ಲ ಸಂತೋಷಪಟ್ಟೆವು. ಆದರೆ ನೆಟ್ಟ ಕೂದಲು ನಿಂತಿತೇ ಹೊರತು ಅದರ ಹಿಂದಿನ ಅವನದೇ ಕೂದಲು ಉದುರುತ್ತಾ ಹೋಯಿತು. ಬೋಳಾಗುವ ಪ್ರಕ್ರಿಯೆ ಶಸ್ತ್ರಚಿಕಿತ್ಸೆಯಿಂದ ನಿಲ್ಲುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಏಳು ವರ್ಷಗಳಲ್ಲಿ ಮುಂದೆ ಒಂದು ದ್ವೀಪ, ಹಿಂದೆ ಬಯಲು. 2018ರಲ್ಲಿ ಉಮ್ರಾಕ್ಕೆ ಹೋಗಿ ತಲೆ ಬೋಳಿಸಿಕೊಂಡು ಮನೆಗೆ ಬಂದಾಗ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಎಳೆದಂತಿದ್ದ ಗೆರೆ ಎಲ್ಲರಿಗೂ ಕಂಡಿತು. ಮೆದುಳಿನ ಆಪರೇಷನ್ ಆಗಿತ್ತೇ ಎಂದು ನೆಂಟರು ಕೇಳಿದರು. ಅವನು ನಕ್ಕು ಸುಮ್ಮನಾದ. ನನಗೆ ನಗು ಬರಲಿಲ್ಲ.

ಆದ್ದರಿಂದ ಹಜ್ಜ್, ಉಮ್ರಾದಲ್ಲಿ ತಲೆ ಬೋಳಿಸಬೇಕೆಂದಿರುವವರು, ಕೂದಲನ್ನು ತೀರಾ ಚಿಕ್ಕದಾಗಿ ಕತ್ತರಿಸಿಕೊಳ್ಳುವ ಅಭ್ಯಾಸದವರು ಪಟ್ಟಿಯ ವಿಧಾನದ ಬಗ್ಗೆ ಎರಡು ಬಾರಿ ಯೋಚಿಸಬೇಕು. ಅದಕ್ಕಿಂತ ಮುಖ್ಯ ವಯಸ್ಸು. ಇಪ್ಪತ್ತೈದಕ್ಕೆ ಮೊದಲು ಬೋಳು ಎಲ್ಲಿಯವರೆಗೆ ಹೋಗುತ್ತದೆ ಎಂದು ವೈದ್ಯರಿಗೂ ಹೇಳುವುದು ಕಷ್ಟ. ಮೊದಲು ಔಷಧ ಕೊಟ್ಟು ಕಾಯುವವರೇ ಜವಾಬ್ದಾರಿಯುತ ವೈದ್ಯರು.

ಔಷಧಗಳಲ್ಲಿ ಮುಖ್ಯವಾದವು ಎರಡು. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆ ರೋಮ ಬೆಳೆದದ್ದನ್ನು ಕಂಡು ತಲೆಗೆ ಹಚ್ಚತೊಡಗಿದರು. ಇನ್ನೊಂದು ಫಿನಾಸ್ಟೆರೈಡ್ ಮಾತ್ರೆ. ಅದು ಡಿಎಚ್‌ಟಿಯನ್ನು ಕಡಿಮೆ ಮಾಡುತ್ತದೆ. 1997ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಕೆಲವರಿಗೆ ದಾಂಪತ್ಯಕ್ಕೆ ಸಂಬಂಧಿಸಿದ ತೊಂದರೆಗಳು, ಕೆಲವರಿಗೆ ಮನಸ್ಸಿನ ಕುಗ್ಗುವಿಕೆ ಕಾಣಿಸಿಕೊಂಡಿರುವುದರಿಂದ ವೈದ್ಯರ ಸಲಹೆ ಇಲ್ಲದೆ ನುಂಗಬಾರದು. ಮತ್ತು ಸಹೋದರಿಯರೇ, ಇದನ್ನು ಮರೆಯಬೇಡಿ: ಗರ್ಭಿಣಿಯರು ಈ ಮಾತ್ರೆಯ ಪುಡಿಯನ್ನು ಕೈಯಿಂದ ಮುಟ್ಟಲೂಬಾರದು. ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅದರ ಅಂಗ ಬೆಳವಣಿಗೆಗೆ ಹಾನಿಯಾಗಬಹುದು. ಗಂಡನ ಮಾತ್ರೆಗಳನ್ನು ಒಪ್ಪವಾಗಿ ಎತ್ತಿಡುವವರು ನಾವೇ ತಾನೇ?

ನಮ್ಮ ಕೂದಲು ಉದುರಿದರೆ?

ಹೆಂಗಸರ ಕೂದಲು ಉದುರುವ ರೀತಿಯೇ ಬೇರೆ. ಹಣೆಯ ಅಂಚು ಹಾಗೆಯೇ ಇದ್ದು, ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಹಲವರಿಗೆ ಹಿಂಭಾಗವೂ ತೆಳುವಾಗುವುದರಿಂದ ಕಿತ್ತು ನೆಡಲು ಬಂಡವಾಳವೇ ಇರುವುದಿಲ್ಲ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಬರುವ ಕೂದಲು ವರ್ಷದೊಳಗೆ ಹೆಚ್ಚಾಗಿ ತಾನಾಗಿಯೇ ಮರಳಿ ಬರುತ್ತದೆ. ರಕ್ತಹೀನತೆ, ಥೈರಾಯ್ಡ್, ಪಿಸಿಒಡಿ ಇದ್ದರೆ ಅವುಗಳಿಗೆ ಚಿಕಿತ್ಸೆ ಬೇಕು, ತಲೆಗಲ್ಲ. ನಾಣ್ಯದಷ್ಟಗಲ ದುಂಡಗೆ ಉದುರಿದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಕಸಿ ಮದ್ದಲ್ಲ. ಆದ್ದರಿಂದ ಯಾರಾದರೂ ರಕ್ತಪರೀಕ್ಷೆಯನ್ನೂ ಮಾಡಿಸದೆ ನಿಮಗೆ ಕಸಿಯ ದಿನಾಂಕ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಸುಟ್ಟ ಗಾಯದ ಕಲೆಯಿದ್ದರೆ, ಅಥವಾ ವರ್ಷಗಟ್ಟಲೆ ಬಿಗಿಯಾಗಿ ಜಡೆ, ತುರುಬು ಕಟ್ಟಿ ಹಣೆಯಂಚಿನ ಬುಡಗಳೇ ಸತ್ತಿದ್ದರೆ ಕಸಿ ನಿಜವಾಗಿ ನೆರವಾಗಬಹುದು. ಅಂತಹವರಿಗೆ ಪಟ್ಟಿಯ ವಿಧಾನವೇ ಅನುಕೂಲ. ಹಿಂಭಾಗ ಬೋಳಿಸಬೇಕಾಗಿಲ್ಲ, ಗೆರೆಯನ್ನು ಉದ್ದ ಕೂದಲು ಮುಚ್ಚುತ್ತದೆ. ದಿನಾ ಸ್ಕಾರ್ಫಿನ ಒಳಗೆ ತುರುಬನ್ನು ಎಳೆದು ಬಿಗಿಯುವ ನಮ್ಮ ಹೆಣ್ಣುಮಕ್ಕಳಿಗೆ ಈಗಲೇ ಸಡಿಲ ಬಿಡಲು ಹೇಳಿ.

ಇದು ಧರ್ಮಸಮ್ಮತವೇ ಎಂದು ಆ ತಾಯಿ ಕೇಳಿದ್ದರು. ಬೇರೆಯವರ ಕೂದಲನ್ನು ಜೋಡಿಸಿಕೊಳ್ಳುವುದನ್ನು ಪ್ರವಾದಿ(ಸ)ಯವರು ಕಠಿಣವಾಗಿ ವಿರೋಧಿಸಿದ್ದಾರೆ. ಆದರೆ ಇಲ್ಲಿ ನೆಡುವುದು ತನ್ನದೇ ಕೂದಲು, ಅದು ಬೇರೂರಿ ಬೆಳೆಯುತ್ತದೆ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಕೂದಲು ಉದುರಿದಾಗ, ವಿಶೇಷವಾಗಿ ಮಹಿಳೆಯರಿಗೆ, ಕಸಿ ಅನುಮತಿಸಲ್ಪಟ್ಟದ್ದೆಂದು ನಿರ್ಣಯಿಸಿದೆ. ಬೆಳೆದ ಮೇಲೆ ವುಝೂ, ಸ್ನಾನಕ್ಕೂ ತೊಡಕಿಲ್ಲ. ನೀರು ಚರ್ಮಕ್ಕೆ ತಲುಪುತ್ತದೆ. ತೊಡಕಿರುವುದು ಮೊದಲ ಹತ್ತು ದಿನ. ನೆಟ್ಟ ಜಾಗವನ್ನು ಉಜ್ಜಬಾರದು. ಶಾಫಿಈ ಮದ್‌ಹಬ್‌ನಲ್ಲಿ ತಲೆಯ ಸ್ವಲ್ಪ ಭಾಗ ಸವರಿದರೂ ಸಾಕು, ಗಾಯವಿಲ್ಲದ ಬದಿಯಲ್ಲಿ ಸವರಬಹುದು. ಹನಫಿಗಳಿಗೆ ಕಾಲು ಭಾಗ ಬೇಕು. ಕಡ್ಡಾಯ ಸ್ನಾನ ಬಂದರೆ ಏನು ಮಾಡಬೇಕೆಂದು ನಿಮ್ಮ ಉಸ್ತಾದರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಎರಡು ಮೂರನೇ ದಿನ ಹಣೆ ಊದಿಕೊಂಡು ಕಣ್ಣಿಗಿಳಿಯುವುದುಂಟು. ಆ ದಿನಗಳಲ್ಲಿ ತಲೆ ಬಗ್ಗಿಸಬಾರದೆಂದು ವೈದ್ಯರು ತಡೆದರೆ ಕುಳಿತು, ಸನ್ನೆಯಿಂದ ಸುಜೂದ್ ಮಾಡುವ ರಿಯಾಯಿತಿ ಇದೆ.

ಇನ್ನೊಂದು ವಿಷಯಕ್ಕೆ ಮನೆಯವರನ್ನು ಮೊದಲೇ ಸಜ್ಜುಗೊಳಿಸಬೇಕು. ನೆಟ್ಟ ಕೂದಲು ಎರಡು ನಾಲ್ಕು ವಾರಗಳಲ್ಲಿ ಉದುರಿಹೋಗುತ್ತದೆ! ಹಣ ಹೋಯಿತೆಂದು ಅಳಬೇಡಿ. ಬುಡ ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ, ಪೂರ್ತಿ ಫಲಕ್ಕೆ ಒಂದು ವರ್ಷ. ಮುಂದಿನ ತಿಂಗಳ ಮದುವೆಗೆ ಈ ತಿಂಗಳು ಮಾಡಿಸಿದರೆ ವರನು ಕೆಂಪಗಾದ ಹಣೆಯೊಂದಿಗೆ ನಿಕಾಹ್‌ಗೆ ಕೂರಬೇಕಾದೀತು.

ಯಾರು ಮಾಡುತ್ತಾರೆ ಎಂಬುದು ಯಾವ ವಿಧಾನ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. 2021ರಲ್ಲಿ ದಿಲ್ಲಿಯಲ್ಲಿ ಮೂವತ್ತರ ಯುವಕನೊಬ್ಬ ಕಸಿಯ ನಂತರ ಸೋಂಕು ಮೈಗೆಲ್ಲ ಹರಡಿ ತೀರಿಕೊಂಡ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಸೂಚಿಸಿತು. ಗಲ್ಫಿನಿಂದ ಇಸ್ತಾಂಬುಲ್‌ಗೆ ಹಾರುವ ನಮ್ಮ ಹುಡುಗರೂ ಇದನ್ನು ಕೇಳಿಕೊಳ್ಳಬೇಕು: ತೆಗೆಯುವವರು ಯಾರು, ರಂಧ್ರ ಕೊರೆಯುವವರು ಯಾರು, ವೈದ್ಯರು ಗೆರೆ ಎಳೆದು ಹೊರಟುಹೋಗುತ್ತಾರೆಯೇ? ಮರಗಟ್ಟಿಸುವ ಮದ್ದು ಹೆಚ್ಚಾದರೆ ಹೃದಯಕ್ಕೆ ಅಪಾಯ. ಅದಕ್ಕೆ ಅಲ್ಲಿ ವ್ಯವಸ್ಥೆ ಇದೆಯೇ? ದರ ಗ್ರಾಫ್ಟಿಗೋ, ಕೂದಲಿಗೋ? ಎರಡು ಸಾವಿರ ಗ್ರಾಫ್ಟ್ ಎಂದರೆ ಸುಮಾರು ನಾಲ್ಕು ಸಾವಿರ ಕೂದಲು. ಮಾತಿನಲ್ಲಿ ಇವೆರಡನ್ನು ಕಲಸಿಬಿಡುವವರಿದ್ದಾರೆ.

ನೆರೆಮನೆಯ ಹುಡುಗ ರಜೆಯಲ್ಲಿ ಬಂದಾಗ ಕರಪತ್ರದ ಕೇಂದ್ರಕ್ಕೆ ಹೋಗದೆ ಒಬ್ಬ ಚರ್ಮತಜ್ಞರನ್ನು ಕಂಡ. ಒಂದು ವರ್ಷ ಔಷಧ ಮಾಡೋಣ, ಮೂರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ನೆತ್ತಿಯ ಫೋಟೋ ಕಳುಹಿಸು, ಕಸಿಯ ಮಾತು ಆಮೇಲೆ ಎಂದರಂತೆ. ಮೊನ್ನೆ ಅವನ ತಾಯಿ ಮತ್ತೆ ಬಂದಿದ್ದರು. ಈ ಬಾರಿ ಕೈಯಲ್ಲಿ ಇದ್ದದ್ದು ಕರಪತ್ರವಲ್ಲ, ಹುಡುಗಿಯ ಮನೆಯವರಿಗೆ ಕಳುಹಿಸಲು ಹೊಸದಾಗಿ ತೆಗೆದ ಮಗನ ಫೋಟೋ. ತಲೆಗೆ ಟೊಪ್ಪಿ ಇರಲಿಲ್ಲ. "ಇರುವುದು ಇರುವ ಹಾಗೆ ನೋಡಲಿ ಟೀಚರ್" ಎಂದರು.