ಕಾವಲಿಗೆ ಬಿದ್ದ ಕಾವಲು

ಕಾವಲೆಂದರೆ ಕಾಯುವಿಕೆ, ಕಾಯ್ದಿರಿಸಿದ ಹುಲ್ಲುನೆಲಕ್ಕೂ ಅದೇ ಹೆಸರು. ನಮ್ಮ ಅಕ್ಕಿಪೇಟೆಯ ಹೆಸರು ಕೇಳಿದೊಡನೆ ಧಾನ್ಯದ ವ್ಯಾಪಾರ ನೆನಪಾದೀತು. ಜಾರಕಬಂಡೆ ಕಾವಲೆಂದಾಗ ಮೇಯುವ ದನಗಳನ್ನು ನೆನೆಯುವ ಬೆಂಗಳೂರಿಗರು ವಿರಳ. ಚಳ್ಳಕೆರೆಯ ಕಡೆ ಮಾತ್ರ ಆ ಅರ್ಥ ಇನ್ನೂ ಅಳಿದಿಲ್ಲ.

ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಅದರ ರಾಸುಗಳಿಗೆಂದು ಮೀಸಲಾದ ಕಾವಲುಗಳಲ್ಲಿ ಕಾಲಕ್ರಮದಲ್ಲಿ ಸುತ್ತಣ ಹಳ್ಳಿಗಳ ಕುರಿಮೇಕೆಗಳೂ ಮೇದವು. ಈ ಬಾಳುವೆಯಲ್ಲಿ ಹೆಂಗಸಿನ ಪಾಲನ್ನು ನಾವು ಸಾಕಷ್ಟು ಗಮನಿಸಿಲ್ಲ. ಮಂದೆಯ ಹಿಂದೆ ಅಲೆಯುವುದುಂಟು. ಕತ್ತರಿಸಿದ ಕರಿಯುಣ್ಣೆಯನ್ನು ಹಿಂಜಿ ನೂಲುವುದುಂಟು. ನೂಲಿಗೆ ಹುಣಿಸೆಬೀಜದ ಸರಿ ಹಚ್ಚುವ ಕೆಲಸದಲ್ಲಿ ಕೈಜೋಡಿಸುವುದುಂಟು. ಗಂಡಸು ಮಗ್ಗದ ಮುಂದೆ ಕುಳಿತೊಡನೆ ಕಂಬಳಿ ಅವನ ಹೆಸರಿಗೆ ಸೇರಿಬಿಡುತ್ತದೆ! ಹುಲ್ಲಿಲ್ಲದಿದ್ದರೆ ಕುರಿಯಿಲ್ಲ, ಕುರಿಯಿಲ್ಲದಿದ್ದರೆ ಅವಳ ಕೈಗೆ ನೂಲಿಲ್ಲ.

2010ರ ಆಸುಪಾಸಿನ ವರ್ಷಗಳಲ್ಲಿ ಇಲ್ಲಿಯ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ನೆಲವು ಅನ್ಯ ಉದ್ದೇಶಗಳಿಗೆ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಎತ್ತರದ ಗೋಡೆ ಎದ್ದಿತು. ಕಾವಲಿಗೇ ಕಾವಲು ಬಿದ್ದಿತು. ಉತ್ತ ನೆಲವಲ್ಲದ್ದು ಪಾಳುನೆಲವೆಂಬ ಭ್ರಮೆ ಓದಿದವರಲ್ಲಿಯೇ ಹೆಚ್ಚು. ವಿವಾದ ಚೆನ್ನೈನ ಹಸಿರು ನ್ಯಾಯಪೀಠದವರೆಗೆ ಹೋಗಿ 2014ರಲ್ಲಿ ತೀರ್ಪಾಯಿತು, ಯೋಜನೆಗಳು ಉಳಿದವು. 2017ರಲ್ಲಿ ವಿಮಾನ ಪರೀಕ್ಷಾ ನೆಲೆಯೂ ಉದ್ಘಾಟನೆಗೊಂಡಿತು.

ಇಂಥ ಕಥೆ ನಮ್ಮದೊಂದೇ ಅಲ್ಲ. ಉತ್ತರ ಯೂರೋಪಿನಲ್ಲಿ ಹಿಮಸಾರಂಗಗಳನ್ನು ಸಾಕುವ ಸಾಮಿ ಜನರಲ್ಲಿ ಎಲ್ಸಾ ಲೌಲಾ ಎಂಬ ಮಹಿಳೆ 1904ರಲ್ಲಿಯೇ ನೆಲದ ಹಕ್ಕಿಗಾಗಿ ಪುಸ್ತಿಕೆ ಬರೆದಳು. 1917ರಲ್ಲಿ ಟ್ರೊಂಡ್‌ಹೈಮ್ ನಗರದಲ್ಲಿ ಸಾಮಿಗಳ ಮಹಾಸಭೆ ಕೂಡಿಸುವುದರಲ್ಲಿ ಮುಂದಾಳಾದಳು. 2021ರಲ್ಲಿ ನಾರ್ವೆಯ ಶ್ರೇಷ್ಠ ನ್ಯಾಯಾಲಯವು ಫೋಸೆನ್‌ನ ಗಾಳಿಯಂತ್ರಗಳಿಗೆ ಕೊಟ್ಟ ಪರವಾನಗಿ ಅಸಿಂಧುವೆಂದಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು.

ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯಭೂಮಿಯಲ್ಲಿ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರನ್ನೂ ಸೇರಿಸಿ, ಹೆಸರಿಸಿಯೇ ಮನ್ನಿಸಿದೆ. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ನೆಲೆಸಿದ್ದನ್ನು ತೋರಿಸಬೇಕು. ಕುರಿಮಂದೆಗೆ ರಸೀತಿ ಎಲ್ಲಿಯದು? ಆದರೆ ಆ ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು, ಬರೆದುಕೊಂಡದ್ದಾದರೆ, ಸಾಕ್ಷ್ಯವೆಂದು ಒಪ್ಪುತ್ತವೆ. ಮಂದೆ ಯಾವ ಹಳ್ಳ ದಾಟುತ್ತಿತ್ತು, ಯಾವ ಕಟ್ಟೆಯಲ್ಲಿ ನೀರು ಕುಡಿಯುತ್ತಿತ್ತು ಎಂದು ಹೇಳಬಲ್ಲ ಅಜ್ಜಿಯರು ಆ ಊರುಗಳಲ್ಲಿ ಇನ್ನೂ ಇದ್ದಾರೆ, ಬರೆದುಕೊಳ್ಳುವವರು ಬೇಕಾಗಿದ್ದಾರೆ.